ಪಿಯಾನೋ ಮಾತ್ರ

ಸಾಬವ್ವ ಅಂಗಡಿಯೊಳಗೆ ಬರಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು, ಒಳಗಿದ್ದ ಇಬ್ಬರು ಗಂಡಸರಲ್ಲಿ ಯಾರನ್ನು ಮಾತಾಡಿಸಬೇಕೆಂದು ತಿಳಿಯದೆ ನೋಡುತ್ತಿದ್ದಳು. ಮುರುಗೆಪ್ಪನಿಗೆ ಆಕೆಯ ಗುರುತು ಹತ್ತಿತು. ಹಿಂದಿನ ಗುರುವಾರ ಬೆಳಿಗ್ಗೆ ಪುಣೆ ಕ್ಯಾಂಪಿನ ಲೋಬೊ ಬಾಯಿಯವರ ಬಂಗಲೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಈಕೆಯೇ.

"ಮಾಸ್ತರ, ನನ್ನ ಗಂಡನ್ನ ಪೊಲೀಸರು ಒಯ್ದಾರ್ರಿ," ಎಂದಳು ಸಾಬವ್ವ. "ಬಾಯಾರನ್ನ ನಾನಾ ಕೊಂದೀನಿ ಅಂತ ನಿನ್ನಿ ಒಪ್ಪಿಕೊಂಡಾನಂತ. ಅಂವ ಒಂದು ಕೋಳಿ ಸೈತ ಕೊಯ್ಯಾಂವಲ್ರಿ. ಇಪ್ಪತ್ನಾಕು ವರ್ಷ ಬಾಳೇವು ಮಾಡೀನಿ, ನನಗ ಗೊತ್ತಾಗೂದಿಲ್ಲೇನ್ರಿ?"

ಶಿವಪುತ್ರಪ್ಪ ಕೈಯಲ್ಲಿದ್ದ ಹಾರ್ಮೋನಿಯಂ ರೀಡನ್ನು ಕೆಳಗಿಟ್ಟ. ಲೋಬೊ ಬಾಯಿ ಸತ್ತ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅಂದಿನಿಂದ ಆತ ಸರಿಯಾಗಿ ಊಟ ಮಾಡಿರಲಿಲ್ಲ.

"ಒಳಗ ಬಾ, ಸಾಬವ್ವ. ಕೂತು ಹೇಳು."

ವಿಜಾಪುರದ ಕಡೆಯಿಂದ ಬಂದು ಸದಾಶಿವ ಪೇಠದ ಹಳೇ ವಾಡೆಯೊಂದರ ಕೆಳಗಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಶಿವಪುತ್ರಪ್ಪನಿಗೆ ಇನ್ನೊಂದು ಕಾರಣಕ್ಕೂ ಹೆಸರಿತ್ತು. ಕಳುವಾದ ತಂಬೂರಿಯನ್ನು ಅದರ ದನಿಯಿಂದಲೇ ಗುರುತಿಸಿ ಕಳ್ಳನನ್ನು ಹಿಡಿಸಿದ್ದ. ಗಡಿಯಾರ ಹೊಡೆದ ಸದ್ದಿನ ಲೆಕ್ಕದಿಂದ ಸುಳ್ಳು ಸಾಕ್ಷಿಯೊಬ್ಬನನ್ನು ಬಯಲಿಗೆಳೆದಿದ್ದ. ಪೊಲೀಸರೂ ಒಮ್ಮೊಮ್ಮೆ ಅವನ ಅಂಗಡಿಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ ಮುರುಗೆಪ್ಪ ರೇಲ್ವೆಯ ಪಾರ್ಸಲ್ ಗುಮಾಸ್ತನಾಗಿದ್ದು ನಿವೃತ್ತನಾದವನು. ಗೆಳೆಯನ ರಿಪೇರಿ ಹತ್ಯಾರಗಳ ಚೀಲ ಹೊತ್ತು ಹಿಂದೆ ಹಿಂದೆ ತಿರುಗುವುದರಲ್ಲೇ ಅವನ ದಿನ ಹೋಗುತ್ತಿತ್ತು.

ಸಾಬವ್ವ ಹೇಳಿದ್ದಿಷ್ಟು. ಗಂಡ ಹುಸೇನಪ್ಪ ಬಂಗಲೆಯ ಕಾವಲುಗಾರ, ತೋಟದ ಮಾಲಿಯೂ ಹೌದು. ಯಾದಗಿರಿ ಕಡೆಯಿಂದ ಮಣ್ಣು ಹೊರಲು ಪುಣೆಗೆ ಬಂದವರು ಮಗಳು ಅನುಸೂಯಾ ಆರು ವರ್ಷದವಳಿದ್ದಾಗ ಈ ಬಂಗಲೆ ಸೇರಿದ್ದರು. ಗುರುವಾರ ಸಂಜೆ ಐದಕ್ಕೆ ಬಾಯಿ ಪಿಯಾನೋ ಬಾರಿಸಿದ್ದನ್ನು ಪಕ್ಕದ ಮನೆಯವರು ಕೇಳಿದ್ದರು. ಬಾರಿಸುವುದು ನಿಂತಿದ್ದು ಐದೂ ಇಪ್ಪತ್ತಕ್ಕೆ. ಐದೂ ನಲವತ್ತಕ್ಕೆ ಹುಸೇನಪ್ಪನ ಕೂಗು. ಬಾಯಿ ಪಿಯಾನೋದ ಪಕ್ಕ ಬಿದ್ದಿದ್ದರು. ಅಗ್ಗಿಷ್ಟಿಕೆಯ ಕಬ್ಬಿಣದ ಕಟ್ಟೆಗೆ ತಲೆ ಒಡೆದಿತ್ತು. ಸಂಜೆ ಗೇಟಿನಿಂದ ಯಾರೂ ಒಳಗೆ ಬಂದಿಲ್ಲ ಎಂದು ಹುಸೇನಪ್ಪನೇ ಹೇಳಿದ್ದ. ಹಾಗಿದ್ದ ಮೇಲೆ ಉಳಿದವನು ಅವನೊಬ್ಬನೇ. ಬುಧವಾರವಷ್ಟೇ "ಮಗಳನ್ನ ನಮಗ ಬಿಟ್ಟುಬಿಡ್ರಿ, ಮದುವಿ ಮಾಡ್ತೀವಿ" ಎಂದು ಬಾಯಿಯ ಮುಂದೆ ಅವನು ಜೋರು ದನಿ ತೆಗೆದಿದ್ದನ್ನು ಹಾಲಿನವ ಕೇಳಿದ್ದ.

"ಅನುಸೂಯಾ ಎಲ್ಲಿದ್ಲು?"

"ಐದಕ್ಕ ಇಗರ್ಜಿಯೊಳಗ ವಾದ್ಯದವರ ತಾಲೀಮು ಇತ್ರಿ. ನಾನು ನಾಕಕ್ಕ ಮಾರ್ಕೀಟಿಗೆ ಹೋಗಿದ್ದೆ. ಇಬ್ಬರೂ ಇಲ್ಲದಾಗ ಹಿಂಗಾತ್ರಿ." ಆಕೆ ಕೈ ಮುಗಿದಳು. "ಅವನ್ನ ಬಿಡಸಿ ಕೊಡ್ರಿ, ಯಪ್ಪಾ. ಮತ್ತೇನೂ ಕೇಳೂದಿಲ್ಲ."

ಮುರುಗೆಪ್ಪನಿಗೆ ಆ ಗುರುವಾರದ ಬೆಳಗು ಕಣ್ಣಿಗೆ ಕಟ್ಟಿತು. ಪಿಯಾನೋದಲ್ಲಿ ಬೆರಳಿಡುವ ಎರಡು ಮನೆಗಳು ಒತ್ತಿದರೆ ಮೇಲೇಳುತ್ತಿಲ್ಲವೆಂದು ಬಾಯಿ ಹೇಳಿಕಳಿಸಿದ್ದರು. ಮಂಗಳೂರು ಮೂಲದ ಎಡ್ನಾ ಲೋಬೊ, ಎಪ್ಪತ್ತೆರಡು ವರ್ಷದ ಒಂಟಿ ಹೆಣ್ಣು. ಅವರ ತೆಳ್ಳಗಿನ ಬೆರಳುಗಳು ಗಂಟು ಬಿದ್ದಿದ್ದವು. ಕನ್ನಡವನ್ನು ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ಪಿಯಾನೋದ ಮೇಲೆ ತೆರೆದಿಟ್ಟಿದ್ದ ಸ್ವರಪುಸ್ತಕದ ಹಾಳೆಗಳು ತಿರುವಿ ತಿರುವಿ ಬಟ್ಟೆಯಂತಾಗಿದ್ದವು.

"ಇದು ಸೊನಾಟ," ಎಂದು ಮುರುಗೆಪ್ಪನಿಗೆ ಅವರೇ ವಿವರಿಸಿದ್ದರು. "ನೂರು ವರ್ಷದ ಹಿಂದೆ ಜರ್ಮನಿಯವರೊಬ್ಬರು ಪಿಟೀಲಿಗೂ ಪಿಯಾನೋಗೂ ಸೇರಿಸಿ ಬರೆದದ್ದು. ಇದರಲ್ಲಿ ಯಾರೂ ಪಕ್ಕವಾದ್ಯದವರಲ್ಲ, ಇಬ್ಬರೂ ಸಮ. ನನ್ನ ತಮ್ಮ ಪಿಟೀಲು ಬಾರಿಸುತ್ತಿದ್ದ. ಅವನು ತೀರಿಹೋದ ಮೇಲೆ ಮೂವತ್ತು ವರ್ಷ ಈ ಪುಸ್ತಕ ಮುಚ್ಚಿಯೇ ಇತ್ತು. ಈಗ ಅನು ಇದ್ದಾಳೆ, ನಮ್ಮ ಹುಸೇನಪ್ಪನ ಮಗಳು. ಅವಳಿಗೆ ಪಿಟೀಲು ಕಲಿಸಿದ್ದೇನೆ."

ಆ ಪಿಯಾನೋಗೆ ಇನ್ನೊಂದು ರೋಗವೂ ಇತ್ತು. ಕೆಳಗಿನ ಸಪ್ತಕದ ಬಿಳಿ ಎರಡು, ಅಂದರೆ ಎರಡನೇ ಬಿಳಿ ಮನೆ, ಒತ್ತಿದಾಗಲೆಲ್ಲ ಒಳಗೆಲ್ಲೋ ತಗಡು ನಡುಗಿದಂತೆ ಝರ್ ಎನ್ನುತ್ತಿತ್ತು. ಎರಡು ವರ್ಷದಿಂದ ಹಾಗೇ ಇತ್ತು. ಕೇಳಿದರೆ ಬಾಯಿ, "ಅದನ್ನು ಬಿಡಿ, ನನ್ನ ಹಾಗೆ ಅದಕ್ಕೂ ವಯಸ್ಸಾಗಿದೆ," ಎಂದು ಸ್ನಾನಕ್ಕೆ ಎದ್ದುಹೋದರು. ಆದರೆ ಕೆಟ್ಟ ಸದ್ದನ್ನು ಬಿಟ್ಟುಹೋಗುವುದು ಶಿವಪುತ್ರಪ್ಪನ ಜಾಯಮಾನವಲ್ಲ. ಕೆಳಗಿನ ಹಲಗೆ ಬಿಚ್ಚಿ ಕೈ ಹಾಕಿದ. ಚಪ್ಪಟೆಯಾದ ಹಳೇ ಬಿಸ್ಕತ್ತಿನ ಡಬ್ಬಿಯೊಂದು ಚೌಕಟ್ಟಿಗೆ ತಾಗಿಕೊಂಡು ನಿಂತಿತ್ತು. ತೆಗೆದ ಕೂಡಲೇ ಬಿಳಿ ಎರಡು ಗಂಟೆಯಂತೆ ಸ್ವಚ್ಛವಾಗಿ ನುಡಿಯಿತು. ಡಬ್ಬಿಯನ್ನು ಅಲ್ಲೇ ನಿಂತಿದ್ದ ಅನುಸೂಯಾಳ ಕೈಗೆ ಕೊಟ್ಟು, "ಬಾಯಾರಿಗೆ ಕೊಡವಾ," ಎಂದಿದ್ದ. ಹುಡುಗಿ ಒಳಗೆ ಹೋಗಿ, ಕಾಲು ಗಂಟೆಯ ಮೇಲೆ ಚಹಾ ತಂದಿದ್ದಳು. ಅದಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ.

ಮಧ್ಯಾಹ್ನ ಇಬ್ಬರೂ ರಿಕ್ಷಾ ಹಿಡಿದು ಕ್ಯಾಂಪಿಗೆ ಹೋದರು. ಇನ್ಸ್‌ಪೆಕ್ಟರ್ ಜಾಧವ ಬಂಗಲೆಯಲ್ಲೇ ಇದ್ದರು. ತಂಬೂರಿಯ ಪ್ರಕರಣದಿಂದ ಅವರಿಗೆ ಶಿವಪುತ್ರಪ್ಪನ ಮೇಲೆ ವಿಶ್ವಾಸ. ಆದರೂ ತಲೆಯಾಡಿಸಿದರು.

"ಮಾಸ್ತರ, ಇದರಲ್ಲಿ ಹುಡುಕುವುದು ಏನೂ ಉಳಿದಿಲ್ಲ," ಎಂದು ಮರಾಠಿಯಲ್ಲಿ ಹೇಳಿದರು. "ಬಂಗಲೆ ಕೆಡವಿ ಫ್ಲ್ಯಾಟು ಕಟ್ಟಬೇಕೆಂದು ಬಾಬು ಅನ್ನುವ ಕಂತ್ರಾಟುದಾರ ಬೆನ್ನು ಹತ್ತಿದ್ದ. ಅವನನ್ನೂ ವಿಚಾರಿಸಿದೆವು. ಅಂದು ಇಡೀ ದಿನ ತಳೇಗಾಂವದ ಕಾರ್ಖಾನೆಯೊಂದರಲ್ಲಿದ್ದ. ಇವನು ತಾನಾಗಿಯೇ ಒಪ್ಪಿಕೊಂಡಿದ್ದಾನೆ. ಬಾಯಿ ಬಾರಿಸುವುದು ಮುಗಿಸಿದ ಮೇಲೆ ಒಳಗೆ ಹೋದೆ, ಮಾತಿಗೆ ಮಾತು ಬೆಳೆದು ನೂಕಿದೆ, ಅನ್ನುತ್ತಾನೆ."

"ಡಾಕ್ಟರು ಏನಂತಾರ, ಸಾಹೇಬ್ರ?"

"ನಾಲ್ಕರಿಂದ ಆರರೊಳಗೆ ಅಂತಾರೆ. ಏಟು ಬಿದ್ದ ಮೇಲೂ ಅರ್ಧ ಮುಕ್ಕಾಲು ಗಂಟೆ ಜೀವ ಇತ್ತಂತೆ. ಯಾರಾದರೂ ಬೇಗ ನೋಡಿದ್ದರೆ ಉಳಿಯುತ್ತಿದ್ದರೋ ಏನೋ."

ಶಿವಪುತ್ರಪ್ಪ ಗೇಟು ದಾಟಿದ. ಪಕ್ಕದ ಮನೆಯ ಗ್ಯಾಲರಿಗೆ ಹೋದ. ಅಲ್ಲಿ ಅಪ್ಪಾಸಾಹೇಬರು ಆರಾಮಕುರ್ಚಿಯಲ್ಲಿ ಕೂತಿದ್ದರು. ಬೆಳಗಾವಿ ಕಡೆಯವರು, ನೀರಾವರಿ ಇಲಾಖೆಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದವರು. ಹೆಂಡತಿ ತೀರಿದ ಮೇಲೆ ದಿನಾ ಸಂಜೆ ಆ ಗ್ಯಾಲರಿಯಲ್ಲಿ ಕೂತು ಬಾಯಿಯ ಸಂಗೀತ ಕೇಳುವುದು ಅವರ ಪೂಜೆಯಂತಾಗಿತ್ತು.

"ನನಗ ಆ ಸಂಗೀತ ತಿಳೀತಿತ್ತು ಅಂತಲ್ರಿ," ಎಂದರು. "ಆದ್ರ ಮೂರು ವರ್ಷ ಅದನ್ನಾ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಆವತ್ತು ಪಿಟೀಲು ಇರಲಿಲ್ಲ, ಬರೇ ಪಿಯಾನೋ. ಒಬ್ರಾ ಇದ್ದಾಗ ಬಾಯಿ ಇಗರ್ಜಿ ಹಾಡು ಬಾರಸ್ತಿದ್ರು. ಆವತ್ತು ಮಾತ್ರ ಇಬ್ಬರೂ ಕೂಡಿ ಬಾರಸೂದನ್ನ ಒಬ್ರಾ ಬಾರಸಿದ್ರು. ಎರಡು ಮಾತಾಡಿ ಉತ್ತರಕ್ಕ ಕಾಯ್ತಾರಲ್ರಿ, ಹಂಗ."

"ಪಿಯಾನೋ ದನಿ ಹ್ಯಾಂಗಿತ್ರಿ?"

"ದಿನಾ ಇದ್ದಂಗಾ. ಆ ಝರ್ ಅನ್ನೂದೂ ಇತ್ತು, ಅದೊಂದು ಸುಡಗಾಡು. ನೀವು ರಿಪೇರಿ ಮಾಡಿದ್ರಂತ, ಆದ್ರ ಅದೇನು ಹೋಗಿಲ್ಲ ಬಿಡ್ರಿ."

ಮುರುಗೆಪ್ಪ ಗೆಳೆಯನ ಕಡೆ ನೋಡಿದ. ಶಿವಪುತ್ರಪ್ಪನ ಮುಖದಲ್ಲಿ ರಕ್ತವೇ ಇಲ್ಲದಂತೆ ಕಂಡಿತು.

"ಹುಸೇನಪ್ಪ ಕೂಗಿದಾಗ ಮೊದಲು ಓಡಿಬಂದವರು ನೀವಾ ಅಲ್ರಿ? ಬಾಯಾರನ್ನ ಮುಟ್ಟಿದ್ರೇನು?"

"ನಾಡಿ ನೋಡಬೇಕಂತ ಕೈ ಹಿಡಿದೆ. ತಣ್ಣಗ ಕೊರೀತಿತ್ತು."

ಮತ್ತೆ ಬಂಗಲೆಗೆ ಬಂದು ಶಿವಪುತ್ರಪ್ಪ ಮೊದಲು ಮಾಡಿದ ಕೆಲಸವೆಂದರೆ ಕೆಳಗಿನ ಬಿಳಿ ಎರಡು ಒತ್ತಿದ್ದು. ಸ್ವಚ್ಛ ದನಿ. ಇನ್ನೊಮ್ಮೆ ಒತ್ತಿದ, ಮತ್ತೂ ಒಮ್ಮೆ. ಆಮೇಲೆ ಕಪಾಟಿನ ಕಡೆ ಹೋದ. ಅಲ್ಲಿ ಕಿಟಕಿಗೆ ಮುಖ ಮಾಡಿ ದೊಡ್ಡ ಕ್ಯಾಸೆಟ್ ಪ್ಲೇಯರು ಇತ್ತು, ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿಗೆ ತಿರುಗುವಂಥದ್ದು. ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಬರಿದಾದ ಒಂದು ಕ್ಯಾಸೆಟ್ ಡಬ್ಬಿ. ಮೇಲಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಮುರುಗೆಪ್ಪ ಓದಿದ: "ಅನುವಿನ ಅಭ್ಯಾಸಕ್ಕೆ. ಪಿಯಾನೋ ಮಾತ್ರ. ಎರಡನೇ ಬದಿ. ಮಾರ್ಚ್ ತೊಂಬತ್ತೇಳು." ಅಂದರೆ ಒಂದೂವರೆ ವರ್ಷದ ಹಿಂದಿನದು.

"ಕ್ಯಾಸೆಟ್ ಹೊರಗ ಬರೂ ಗುಂಡಿ ನೋಡು, ಮುರುಗೆಪ್ಪಾ."

ಗುಂಡಿಯ ಮೇಲೆ ಒಣಗಿದ ಕೆಂಪು ಮಣ್ಣಿನ ಹೆಬ್ಬೆಟ್ಟು ಮೂಡಿತ್ತು. ಕುಂಡಗಳಿಗೆ ಹಾಕುವ ಮಣ್ಣು.

ಹಿತ್ತಲ ಕೋಣೆಯಲ್ಲಿ ಸಾಬವ್ವ ಚಹಾ ಮಾಡಿಕೊಟ್ಟಳು. ಅನುಸೂಯಾ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಇಪ್ಪತ್ತೊಂದರ ಹುಡುಗಿ, ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಸಾಬವ್ವ ಸಕ್ಕರೆ ತೆಗೆದದ್ದು ಚಪ್ಪಟೆಯಾದ ಬಿಸ್ಕತ್ತಿನ ಡಬ್ಬಿಯೊಂದರಿಂದ.

"ಹೊಸ ಡಬ್ಬಿ ಏನು?" ಎಂದ ಶಿವಪುತ್ರಪ್ಪ.

"ಹೌದ್ರಿ. ಅನು ಕೊಟ್ಟಾಳ, ಬಾಯಾರ ಮನ್ಯಾಗ ಖಾಲಿ ಬಿದ್ದಿತ್ತಂತ."

ಹುಡುಗಿ ತಲೆ ಎತ್ತಿದಳು. ಅವಳೂ ಶಿವಪುತ್ರಪ್ಪನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಹಾ ಮುಗಿಸದೆ ಆತ ಎದ್ದುಬಂದ.

ಮರುದಿನ ಜಾಧವರ ಅನುಮತಿ ಪಡೆದು ಹುಸೇನಪ್ಪನನ್ನು ನೋಡಲು ಹೋದರು. ಸರಳುಗಳ ಹಿಂದೆ ಕೂತಿದ್ದ ಮುದುಕ ಎದ್ದು ನಮಸ್ಕಾರ ಮಾಡಿದ. ಐವತ್ತಕ್ಕೇ ಮುದುಕನಾಗಿಬಿಟ್ಟಿದ್ದ. ಶಿವಪುತ್ರಪ್ಪ ದನಿ ತಗ್ಗಿಸಿ ಕೇಳಿದ, "ಆ ಕ್ಯಾಸೆಟ್ ಯಾವ ಕುಂಡದಾಗ ಹುಗಿದಿ, ಹುಸೇನಪ್ಪ?"

ಹುಸೇನಪ್ಪ ಸರಳುಗಳ ನಡುವೆ ಕೈ ಚಾಚಿ ಶಿವಪುತ್ರಪ್ಪನ ಮುಂಗೈ ಹಿಡಿದ.

"ನಾ ಓದಿದಾಂವಲ್ರಿ. ಆದ್ರ ಪಿಯಾನೋ ಬಾರಸ್ತಿರೂದು ಕೇಳಕೋತ ನೀರು ಹಾಕ್ದೆ. ಅದು ನಿಂತ ಮ್ಯಾಲ ಒಳಗ ಹೋದ್ರ ಬಾಯಿ ತಣ್ಣಗಾಗ್ಯಾರ. ಆ ಕ್ಯಾಸೆಟ್ ಪೆಟಗಿಯ ಕೆಂಪು ದೀಪ ಉರೀತಿತ್ತು. ಅನು ನಾಕೂವರಿಗೆ ಹೋಗುವಾಗ ನನ್ನ ಮಾರಿ ನೋಡಿರಲಿಲ್ಲ. ಇನ್ನೇನು ತಿಳೀಬೇಕ್ರಿ?" ಅವನ ಹಿಡಿತ ಬಿಗಿಯಾಯಿತು. "ನಂದೇನೈತ್ರಿ ಇನ್ನ. ಆಕಿ ಕೈಯಾಗ ದೇವರು ಇದ್ದಾನಂತ ಬಾಯಾರಾ ಅಂತಿದ್ರು. ಇದನ್ನ ಇಲ್ಲಿಗೇ ಬಿಟ್ಟುಬಿಡ್ರಿ. ನಿಮ್ಮ ಕಾಲು ಬೀಳ್ತೀನಿ."

ಹೊರಗೆ ಬಂದ ಮೇಲೆ ಮುರುಗೆಪ್ಪನಿಗೆ ತಡೆಯಲಾಗಲಿಲ್ಲ. "ಬಿಟ್ಟುಬಿಡೋಣು, ಶಿವಪುತ್ರಪ್ಪ. ಅವ ತಾನಾ ಹೊತ್ತುಗೋತೀನಿ ಅಂತಾನ. ನಾವ್ಯಾರು ಬ್ಯಾಡ ಅನ್ನಾಕ?"

"ಸಾಬವ್ವಗ ಏನು ಹೇಳ್ಲಿ? ನಿನ್ನ ಗಂಡ ನಿರಪರಾಧಿ, ಆದ್ರೂ ಸಾಯ್ಲಿ ಅಂತ ಹೇಳ್ಲೇನು?" ಶಿವಪುತ್ರಪ್ಪ ರಸ್ತೆಯ ಅಂಚಿನಲ್ಲೇ ಕೂತುಬಿಟ್ಟ. "ಆ ಡಬ್ಬಿ ಆಕಿ ಕೈಗೆ ಕೊಟ್ಟಾಂವ ನಾನು. ಬಾಯಿ ಬ್ಯಾಡ ಅಂದ್ರೂ ಹಲಗಿ ಬಿಚ್ಚಿದೆ. ಈಗ ನಾ ಸುಮ್ಮನಾದ್ರ ಎರಡನೇ ಸಲ ಕೊಂದಂಗ ಆಗ್ತದ. ಆಕಿಗೆ ಐದು ದಿನ ಟೈಮ್ ಕೊಡ್ತೀನಿ. ತಾನಾ ಹೇಳಿದ್ರ ಕೋರ್ಟಿನವರು ಒಂದೀಟು ಕರುಣಾ ತೋರಸ್ಬಹುದು."

ಅವನು ಚೀಟಿ ಬರೆದು ಮುರುಗೆಪ್ಪನ ಕೈಯಲ್ಲೇ ಅನುಸೂಯಾಗೆ ಕಳಿಸಿದ: ನನಗೆ ಗೊತ್ತಾಗಿದೆ, ರವಿವಾರದೊಳಗೆ ನೀನೇ ಹೋಗಿ ಹೇಳು. ಹುಡುಗಿ ಓದಿ, ಮಡಚಿ, ಬಾಗಿಲು ಹಾಕಿಕೊಂಡಳು. ಐದು ದಿನವೂ ಶಿವಪುತ್ರಪ್ಪ ಅಂಗಡಿಯ ಬಾಗಿಲಲ್ಲಿ ಕೂತು ರಸ್ತೆ ನೋಡಿದ. ಯಾರೂ ಬರಲಿಲ್ಲ.

ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂಗಲೆಯ ಪಿಯಾನೋ ಕೋಣೆಯಲ್ಲಿ ಎಲ್ಲರೂ ಸೇರಿದರು. ಜಾಧವರು ಹುಸೇನಪ್ಪನನ್ನು ಇಬ್ಬರು ಪೇದೆಗಳ ನಡುವೆ ಕರೆತಂದಿದ್ದರು. ಅಪ್ಪಾಸಾಹೇಬರು ಕಿಟಕಿಯ ಬಳಿ ಕೂತರು. ಸಾಬವ್ವ ಗಂಡನನ್ನು ಕಂಡದ್ದೇ ಹತ್ತಿರ ಹೋಗಿ ಅವನ ಅಂಗಿಯ ಗುಂಡಿ ಸರಿಮಾಡಿದಳು. ಅನುಸೂಯಾ ಬಾಗಿಲಿಗೆ ಒರಗಿ ನಿಂತಳು.

"ಹುಸೇನಪ್ಪ ಕೊಲಿ ಮಾಡಿಲ್ಲ," ಎಂದು ಶಿವಪುತ್ರಪ್ಪ ಶುರುಮಾಡಿದ. ಜಾಧವರಿಗಾಗಿ ಮರಾಠಿಯಲ್ಲೂ ಉಳಿದವರಿಗಾಗಿ ಕನ್ನಡದಲ್ಲೂ, ಎರಡೆರಡು ಸಲ ಹೇಳಬೇಕಾಗಿದ್ದರಿಂದ ಪ್ರತಿ ಮಾತೂ ಎರಡು ಸಲ ಬಡಿದಂತೆ ಮುರುಗೆಪ್ಪನಿಗೆ ಅನಿಸಿತು. "ಪಿಯಾನೋ ನಿಂತ ಮ್ಯಾಲ, ಅಂದ್ರ ಐದೂ ಇಪ್ಪತ್ತರ ನಂತರ ನೂಕಿದೆ ಅಂತಾನ. ಏಟು ಬಿದ್ದ ಮ್ಯಾಲ ಅರ್ಧ ತಾಸರೆ ಜೀವ ಇತ್ತು ಅಂತ ಡಾಕ್ಟರು ಬರದಾರ. ಐದೂ ನಲವತ್ತಕ್ಕ ಅಪ್ಪಾಸಾಹೇಬರು ಕೈ ಹಿಡಿದಾಗ ಬಾಯಿ ತಣ್ಣಗಾಗಿದ್ರು. ಇಪ್ಪತ್ತು ನಿಮಿಷದಾಗ ಅರ್ಧ ತಾಸು ಬದುಕಿ, ಸತ್ತು, ತಣ್ಣಗಾಗಾಕ ಬರ್ತದೇನ್ರಿ? ಏಟು ಬಿದ್ದದ್ದು ಪಿಯಾನೋ ಶುರು ಆಗೂಕಿಂತ ಮೊದಲಾ. ಹಂಗಾದ್ರ ಬಾರಸಿದವರು ಯಾರು?"

ಜಾಧವರು ನೆಟ್ಟಗೆ ಕೂತರು.

ಶಿವಪುತ್ರಪ್ಪ ಕೆಳಗಿನ ಬಿಳಿ ಎರಡು ಒತ್ತಿದ. "ಕೇಳ್ರಿ, ಅಪ್ಪಾಸಾಹೇಬ. ಝರ್ ಅಂತದೇನು? ಅನ್ನೂದಿಲ್ಲ. ಗುರುವಾರ ಮುಂಜಾನೆ ಹತ್ತೂವರಿಗೆ ನನ್ನ ಕೈಯಾರೆ ತೆಗೆದೀನಿ. ಆದ್ರ ಅದಾ ಸಂಜಿ ನಿಮಗ ಝರ್ ಕೇಳಿಸ್ತು. ನೀವು ಕೇಳಿದ್ದು ಈ ಪಿಯಾನೋ ಅಲ್ಲ, ಹೋದ ವರ್ಷದ ಪಿಯಾನೋ. ಅದಕ್ಕಾ ಅದು ಮಾತಾಡಿ ಉತ್ತರಕ್ಕ ಕಾಯ್ತಿತ್ತು. ಪಿಟೀಲಿನ ಅಭ್ಯಾಸಕ್ಕ ಜಾಗಾ ಬಿಟ್ಟು ತುಂಬಿಸಿದ ಕ್ಯಾಸೆಟ್ ಅದು. ಎರಡನೇ ಬದಿ ಅಂತ ಚೀಟಿಯಾಗ ಬರದದ, ಅಂದ್ರ ಮೊದಲನೇ ಬದಿ ಖಾಲಿ, ಅರ್ಧ ತಾಸು ಸುಮ್ಮನ ತಿರುಗ್ತದ. ಆಮ್ಯಾಲ ಮಷೀನಾ ಮಗ್ಗಲು ಬದಲಸ್ತದ. ನಾಕೂವರಿಗೆ ಗುಂಡಿ ಒತ್ತಿ ಹೋದವರು ಐದಕ್ಕ ಎಲ್ಲೆರೆ ಹತ್ತು ಮಂದಿ ಮುಂದ ನಿಂತಿರಬಹುದು."

ಸಾಬವ್ವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಗಂಡ ಉಳಿದನೆಂಬ ಬೆಳಕು ಅವಳ ಮುಖದ ಮೇಲಿತ್ತು. ಅದನ್ನು ನೋಡಲಾರದೆ ಮುರುಗೆಪ್ಪ ನೆಲ ನೋಡಿದ.

"ಆ ಕ್ಯಾಸೆಟ್ ಹುಸೇನಪ್ಪಗ ಸಿಕ್ತು. ಗುಂಡಿ ಮ್ಯಾಲ ಅವನ ಮಣ್ಣಗೈ ಅದ. ಯಾವ ಕುಂಡದಾಗ ಹುಗಿದಾನ ಅಂತ ಹೇಳಿಲ್ಲ, ಹೊರಗಿನ ಕುಂಡ ಅಗದು ನೋಡಿದ್ರ ಸಿಗ್ತದ. ಅಂವ ಯಾರನ್ನ ಉಳಸಾಕ ನೋಡ್ಯಾನ? ಮಾರ್ಕೀಟಿಗೆ ಹೋದ ಹೆಂಡತಿಗೆ ಈ ಮಷೀನು ಹಚ್ಚಾಕ ಬರೂದಿಲ್ಲ. ಇನ್ನ ಡಬ್ಬಿ. ಬಾಯಿ ಎರಡು ವರ್ಷ ಪಿಯಾನೋದಾಗ ಬಚ್ಚಿಟ್ಟಿದ್ದ ಡಬ್ಬಿ ನಾ ಒಬ್ಬರ ಕೈಗೆ ಕೊಟ್ಟೆ. ಅದು ಬಾಯಾರಿಗೆ ಮುಟ್ಟಲಿಲ್ಲ. ಈಗ ಅದರಾಗ ಸಕ್ಕರಿ ಅದ." ಅವನು ಬಾಗಿಲ ಕಡೆ ತಿರುಗಿದ. "ಅದರಾಗ ಮೊದಲು ಏನಿತ್ತು, ಅನು?"

"ಇಲ್ರಿ! ನಾನಾ ಕೊಂದೀನಿ!" ಎಂದು ಹುಸೇನಪ್ಪ ಚೀರಿದ. ಪೇದೆಗಳು ಅವನನ್ನು ಹಿಡಿದುಕೊಂಡರು.

ಅನುಸೂಯಾ ಒಳಗೆ ಬಂದು ಪಿಯಾನೋದ ಮುಂದಿನ ಸ್ಟೂಲಿನ ಮೇಲೆ ಕೂತಳು. ಕುಪ್ಪಸದೊಳಗಿಂದ ಎರಡು ಲಕೋಟೆ ತೆಗೆದು ಮುರುಗೆಪ್ಪನಿಗೆ ಕೊಟ್ಟಳು. ಪರದೇಶದ ಅಂಚೆಚೀಟಿಗಳು. ಮುರುಗೆಪ್ಪ ಓದಿದ. ಬಾಯಿಯ ಹೆಸರಿಗೆ ಜರ್ಮನಿಯ ಸಂಗೀತಶಾಲೆಯೊಂದರಿಂದ ಬಂದ ಪತ್ರಗಳು. ಕಳಿಸಿದ ಸೊನಾಟದ ರೆಕಾರ್ಡು ಕೇಳಿದ್ದೇವೆ, ಪಿಟೀಲು ವಿದ್ಯಾರ್ಥಿನಿ ಅನುಸೂಯಾಗೆ ಊಟ ವಸತಿ ಸಹಿತ ಪ್ರವೇಶ ಕೊಡುತ್ತೇವೆ ಎಂದಿತ್ತು ತೊಂಬತ್ತಾರರದು. ಎರಡನೆಯದು ತೊಂಬತ್ತೇಳರದು: ಉತ್ತರ ಬರಲಿಲ್ಲ, ಕೊನೆಯ ಸಲ ಕೇಳುತ್ತಿದ್ದೇವೆ.

"ಎರಡು ಸಲಾನೂ ಶಾಲಿಯವರು ಬ್ಯಾಡಂದ್ರು ಅಂತ ಹೇಳಿದ್ರು ಬಾಯಿ," ಎಂದಳು ಅನುಸೂಯಾ. "ನನ್ನ ತಬ್ಬಿಕೊಂಡು ಅತ್ತಿದ್ರು ಕಾಕಾ, ನನಗ ಸೀಟು ಸಿಗಲಿಲ್ಲಂತ ನನಗಿಂತ ಹೆಚ್ಚು ಅತ್ತಿದ್ರು. ಆವತ್ತು ನಾಕಕ್ಕ ಪತ್ರ ಮುಂದಿಟ್ಟು ಕೇಳಿದೆ. ಸಿಟ್ಟಿಗೇಳ್ಲಿಲ್ಲ. 'ನೀನು ಹೋದರೆ ಇದನ್ನು ಯಾರ ಜೊತೆ ಬಾರಿಸಲಿ' ಅಂದ್ರು. ಆಮ್ಯಾಲ ಪುಸ್ತಕ ತೆಗದು, 'ಬಾ, ಎರಡನೇ ಭಾಗದಿಂದ ಶುರುಮಾಡೋಣ' ಅಂತ ಕೂತ್ರು. ಏನೂ ಆಗಿಲ್ಲ ಅನ್ನೂ ಹಂಗ. ಆಗ ನೂಕಿದೆ."

"ಕೂಡಲೇ ಸತ್ತುಹೋದರಾ?" ಜಾಧವರು ಮೆಲ್ಲಗೆ ಕೇಳಿದರು.

"ಇಲ್ರಿ. ಉಸಿರಾಡ್ತಿದ್ರು. ಡಾಕ್ಟರನ್ನ ಕರೀಬೇಕಂತ ಬಾಗಿಲ ತನಕಾ ಹೋದೆ. ಎಚ್ಚರಾಗಿ ಹೇಳಿಬಿಟ್ಟರ ಅಂತ ಅನಿಸ್ತು. ತಿರುಗಿ ಬಂದು ಕ್ಯಾಸೆಟ್ ಹಾಕ್ದೆ."

ಆ ಅರ್ಧ ಗಂಟೆಯನ್ನು ಮುರುಗೆಪ್ಪ ಮುಂದೆಂದೂ ಮನಸ್ಸಿನಿಂದ ಹೊರಗೆ ಹಾಕಲಾರದೆ ಹೋದ. ಟೇಪಿನ ಖಾಲಿ ಬದಿ ತಿರುಗುತ್ತಿದ್ದಾಗ ಆ ಮುದುಕಿ ನೆಲದ ಮೇಲೆ ಬದುಕಿಯೇ ಇದ್ದರು.

"ಅಪ್ಪ ಒಪ್ಪಿಕೊಂಡಾಗ ಯಾಕ ಸುಮ್ಮನಿದ್ದಿ, ಯವ್ವಾ?" ಶಿವಪುತ್ರಪ್ಪ ಕೇಳಿದ. "ನಾ ಐದು ದಿನ ಕಾದೆ."

"ದಿನಾ ಹೇಳಬೇಕಂತ ಏಳ್ತಿದ್ದೆ, ಕಾಕಾ. ದಿನಾ ಆ ಪತ್ರ ಓದ್ತಿದ್ದೆ."

ಆಗ ಸಾಬವ್ವನಿಗೆ ತಿಳಿಯಿತು. ಅವಳು ಅಳಲಿಲ್ಲ. ಮಗಳನ್ನೂ ಮುಟ್ಟಲಿಲ್ಲ, ಗಂಡನನ್ನೂ ಮುಟ್ಟಲಿಲ್ಲ. ನೇರವಾಗಿ ಶಿವಪುತ್ರಪ್ಪನ ಮುಂದೆ ಬಂದು ನಿಂತು, "ನಾ ನಿಮ್ಮನ್ನ ಇದನ್ನ ಕೇಳಿದ್ದಿಲ್ರಿ, ಮಾಸ್ತರ," ಎಂದಳು.

ಕ್ಯಾಸೆಟ್ಟು ಸಿಕ್ಕಿತು, ಗುಲಾಬಿ ಗಿಡದ ಮೂರನೇ ಕುಂಡದಲ್ಲಿ. ಕೋರ್ಟಿನಲ್ಲಿ ಕೇಸು ಹದಿನಾಲ್ಕು ತಿಂಗಳು ನಡೆಯಿತು. ಸಿಟ್ಟಿನಲ್ಲಿ ನೂಕಿದ್ದನ್ನು ಕ್ಷಮಿಸಬಹುದಿತ್ತು, ಬದುಕಿದ್ದವರನ್ನು ಸಾಯಲು ಬಿಟ್ಟು ಟೇಪು ಹಚ್ಚಿದ್ದನ್ನು ಕ್ಷಮಿಸಲಾಗದು ಎಂದರು ನ್ಯಾಯಾಧೀಶರು. ಜೀವಾವಧಿ ಶಿಕ್ಷೆಯಾಯಿತು. ಶಿವಪುತ್ರಪ್ಪ ಸಾಕ್ಷಿ ಕಟ್ಟೆಯಲ್ಲಿ ನಿಂತು ಡಬ್ಬಿಯ ವಿಷಯ ಹೇಳುವಾಗ ಅನುಸೂಯಾ ತನ್ನ ಬೆರಳುಗಳನ್ನೇ ನೋಡಿಕೊಂಡಿದ್ದಳು. ಜರ್ಮನಿಯ ಶಾಲೆಗೆ ಮುರುಗೆಪ್ಪ ತಾನೇ ಒಂದು ಕಾಗದ ಬರೆದ. ಏನೆಂದು ಬರೆಯಬೇಕೋ ತಿಳಿಯದೆ, ವಿದ್ಯಾರ್ಥಿನಿ ಬರಲಾಗುವುದಿಲ್ಲ ಎಂದಷ್ಟೇ ಬರೆದು ಹಾಕಿದ.

ಸಾಕ್ಷ್ಯ ಬಚ್ಚಿಟ್ಟಿದ್ದಕ್ಕೆ ಹುಸೇನಪ್ಪ ಆಗಲೇ ಒಳಗೆ ಕಳೆದ ತಿಂಗಳುಗಳೇ ಸಾಕೆಂದು ಬಿಟ್ಟರು. ಅಷ್ಟರಲ್ಲಿ ಬಂಗಲೆ ಕೆಡವಲು ಶುರುವಾಗಿತ್ತು. ಗಂಡಹೆಂಡತಿ ಊರ ಹೊರಗೆ ವಾಕಡದ ಕಡೆ, ಏಳುತ್ತಿರುವ ಕಟ್ಟಡವೊಂದರ ತಗಡಿನ ಶೆಡ್ಡಿಗೆ ಹೋದರು. ಶಿವಪುತ್ರಪ್ಪ ಹಾರ್ಮೋನಿಯಂ ಕೆಲಸ ಮುಂದುವರಿಸಿದ, ಆದರೆ ಪಿಯಾನೋಗೆಂದು ಯಾರು ಕರೆದರೂ ಹೋಗಲಿಲ್ಲ. ಪೊಲೀಸರು ಬಂದರೆ ಚಹಾ ಕೊಟ್ಟು ಕಳಿಸುತ್ತಿದ್ದ, ಕತೆ ಕೇಳುತ್ತಿರಲಿಲ್ಲ.

ಶಿಕ್ಷೆಯಾಗಿ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಸಾಬವ್ವ ಅಂಗಡಿಗೆ ಬಂದಳು. ಈ ಸಲ ಕರೆಯದೆಯೇ ಒಳಗೆ ಬಂದು ಕೂತಳು. ಕೈಯಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಪಿಟೀಲಿನ ಪೆಟ್ಟಿಗೆ.

"ಹುಸೇನಪ್ಪ ಹ್ಯಾಂಗದಾನ?" ಮುರುಗೆಪ್ಪ ಕೇಳಿದ.

"ಇದ್ದಾನ್ರಿ. ನನ್ನ ಕೂಡ ಮಾತಾಡೂದಿಲ್ಲ. ನಿಮ್ಮ ಹಂತ್ಯಾಕ ಯಾಕ ಹೋದಿ ಅಂತ ಒಮ್ಮಿ ಕೇಳಿದ. ಆಮ್ಯಾಲ ಇಲ್ಲ." ಅದನ್ನು ಬಿಸಿಲಿನ ವಿಷಯ ಹೇಳಿದಷ್ಟೇ ಸಾದಾ ದನಿಯಲ್ಲಿ ಹೇಳಿದಳು. "ಇದನ್ನ ಸುಟ್ಟುಬಿಡು ಅಂತಾಳ್ರಿ ಆಕಿ. ಜೇಲಿನ್ಯಾಗ ಕೊಡ್ತೀವಿ ಅಂದ್ರೂ ಬ್ಯಾಡಂದಾಳಂತ. ನನಗ ಸುಡಾಕ ಆಗವಲ್ದು. ಶೆಡ್ಡಿನ್ಯಾಗ ಕಾವು ಭಾಳ. ಇದನ್ನ ಹ್ಯಾಂಗ ಇಡಬೇಕು ಹೇಳ್ರಿ."

ಶಿವಪುತ್ರಪ್ಪ ಪೆಟ್ಟಿಗೆ ತೆರೆದ. ನಾಲ್ಕೂ ತಂತಿ ಬಿಗಿಯಾಗಿಯೇ ಇದ್ದವು. ಒಂದೊಂದೇ ಬಿರಡೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ತಂತಿಗಳು ಇಳಿಯುತ್ತ ನರಳಿದವು.

"ಹಿಂಗ ಸಡಿಲ ಬಿಡಬೇಕು," ಎಂದ. "ಬಿಗಿದಾ ಇಟ್ರ ಕಟಗಿ ಸೀಳ್ತದ."

"ಎಷ್ಟು ದಿನ ಇಡಬಹುದ್ರಿ ಹಿಂಗ?"

"ಎಷ್ಟು ದಿನಾ ಆದ್ರೂ ಇಡಬಹುದು," ಎಂದ ಶಿವಪುತ್ರಪ್ಪ, ಮತ್ತು ಮುಚ್ಚಳ ಹಾಕಿ, ಸೀರೆ ಸುತ್ತಿ, ಆಕೆಯ ತೊಡೆಯ ಮೇಲಿಟ್ಟ.